ಅತ್ತೆ ಕಾಯ್ದ ಮೈದಾನ

ಹಾಸನಕ್ಕೆ ಬಂದವರು ಬೇಲೂರು, ಹಳೇಬೀಡು, ಶ್ರವಣಬೆಳಗೊಳ ನೋಡಿಕೊಂಡು ಹೋಗುತ್ತಾರೆ. ನಮ್ಮ ಸೋದರತ್ತೆಯ ಮನೆಗೆ ಬಂದವರು ಮಾತ್ರ ಮೊದಲು ಒಂದು ಖಾಲಿ ಜಾಗ ನೋಡಬೇಕು! ನೋಡದಿದ್ದರೆ ಕಾಫಿ ಇಲ್ಲ. ಊರಂಚಿನ ಬಡಾವಣೆಯಲ್ಲಿ, ಅತ್ತೆಯ ಜಗಲಿಗೆ ಎದುರಾಗಿರುವ ಆಟದ ಮೈದಾನ ಅದು. ಗೊಮ್ಮಟನ ದರ್ಶನಕ್ಕೆ ಹೊರಟಿದ್ದ ನನ್ನ ಗಂಡನ ಕಡೆಯ ನೆಂಟರನ್ನೂ ಅವರು ಬಿಡಲಿಲ್ಲ. “ಸ್ವಾಮಿ ಎಲ್ಲೂ ಓಗಾಕಿಲ್ಲ, ಸಾವ್ರ ವರ್ಸದಿಂದ ನಿಂತವ್ನೆ. ಮೊದ್ಲು ಇದ್ನ ನೋಡಿ” ಎಂದು ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಲ್ಲಿಸಿ, ಮೈದಾನದ ಸ್ಥಳಪುರಾಣ ಒಪ್ಪಿಸಿಯೇ ಕಳಿಸಿದರು.

ಹಾಗಂತ ಅತ್ತೆಯೇನು ಆಟಗಾರ್ತಿಯೇ? ಶಿವಶಿವಾ! ಕ್ರಿಕೆಟ್ಟಿಗೂ ಕಬಡ್ಡಿಗೂ ವ್ಯತ್ಯಾಸವೆಂದರೆ ಒಂದರಲ್ಲಿ ಚೆಂಡಿರುತ್ತದೆ ಎನ್ನುವಷ್ಟು ಜ್ಞಾನ. ಹೊಳೆನರಸೀಪುರದ ಕಡೆಯ ರೈತರ ಮನೆಯ ಮಗಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುತ್ತಲೇ ಯೌವನ ಕಳೆದವರು. ಅರಕಲಗೂಡಿಗೆ ಲೈನ್ ಸಿಗದಿದ್ದರೆ ಅವರ ‘ಹಲೋ’ ತಂತಿಯ ಹಂಗಿಲ್ಲದೆಯೇ ಅಲ್ಲಿಗೆ ತಲುಪುತ್ತಿತ್ತು ಎಂದು ಜೊತೆಯವರು ನಗುತ್ತಿದ್ದರಂತೆ.

ಮನೆ ಕಟ್ಟಿದ ಹೊಸತರಲ್ಲಿ ಎದುರಿಗಿದ್ದದ್ದು ಲಂಟಾನ, ಜಾಲಿಮುಳ್ಳು ಮತ್ತು ಒಂದು ನಾಗರಹಾವು. ಆದರೆ ಬಡಾವಣೆಯ ನಕ್ಷೆಯಲ್ಲಿ ‘ಆಟದ ಮೈದಾನ’ ಎಂದು ಬರೆದಿತ್ತು. ಅತ್ತೆ ಓದಿದರು, ನಂಬಿಬಿಟ್ಟರು. ಅವರ ಹುಚ್ಚಿಗೆ ಅದೇ ಮೂಲ! ನಕ್ಷೆಯಲ್ಲಿ ಬರೆದದ್ದನ್ನೆಲ್ಲ ಯಾರಾದರೂ ನಂಬುತ್ತಾರೆಯೇ? ಒಂದು ಭಾನುವಾರ ಸೀರೆ ಎತ್ತಿ ಕಟ್ಟಿ, ಕುಡುಗೋಲು ಹಿಡಿದು ಒಬ್ಬರೇ ಇಳಿದರು. ನಾಲ್ಕನೇ ಭಾನುವಾರದ ಹೊತ್ತಿಗೆ ಇಡೀ ಬಡಾವಣೆ ನಾಚಿಕೊಂಡು ಹಿಂದೆ ಬಂತು. ಹಾವು ತಾನಾಗಿಯೇ ಜಾಗ ಖಾಲಿ ಮಾಡಿತು. “ಅದುಕ್ಕಿದ್ದ ಮರ್ವಾದೆ ಆಮೇಲೆ ಬಂದೋರ್ಗೆ ಇರ್ನಿಲ್ಲ ಕಣೇ” ಎನ್ನುತ್ತಾರೆ ಅತ್ತೆ.

ಆಮೇಲೆ ಬಂದವರಲ್ಲಿ ಮೊದಲಿಗರು ಚನ್ನರಾಯಪಟ್ಟಣದ ವ್ಯಾಪಾರಿಯೊಬ್ಬರು. ಮಾರುವ ತನಕ ಇರಲಿ ಎಂದು ಒಂದು ಲಾರಿ ತೆಂಗಿನಕಾಯಿ ತಂದು ಸುರಿದರು. ಅತ್ತೆ ಜಗಳವಾಡಲಿಲ್ಲ. ಬಡಾವಣೆಯ ಮಕ್ಕಳನ್ನೆಲ್ಲ ಕರೆದು, “ಇವತ್ತಿಂದ ಗುಂಡೆಸೆತ ಕಲೀರಿ” ಎಂದರು. ಸಂಜೆಯೊಳಗೆ ಲಾರಿ ವಾಪಸು ಬಂತು!

ಇನ್ನೊಂದು ಬೆಳಿಗ್ಗೆ ಎದ್ದು ನೋಡಿದರೆ ಪಿಚ್ಚಿನ ನಟ್ಟನಡುವೆ ಅರಿಶಿನ ಕುಂಕುಮ ಬಳಿದ ಕಲ್ಲೊಂದು ‘ಉದ್ಭವ’ವಾಗಿತ್ತು. ಪಕ್ಕದಲ್ಲಿ ಚಪ್ಪರದ ಗಳಗಳೂ ಉದ್ಭವವಾಗಿದ್ದವು. ಅತ್ತೆ ಭಕ್ತಿಯಿಂದ ಕೈಮುಗಿದು, “ಇಲ್ಯಾಕೆ ಕುಂತೆ ನಮ್ಮಪ್ಪಾ, ಚೆಂಡು ತಗುಲ್ತದೆ, ಮನೆಗೆ ಬಾ” ಎಂದು ಕಲ್ಲನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ತಮ್ಮ ದೇವರಮನೆಯಲ್ಲಿಟ್ಟರು. ಇವತ್ತಿಗೂ ದಿನಾ ಹೂವು ಏರಿಸುತ್ತಾರೆ. ನಿಲ್ಲಿಸಿದವರು ಯಾರೋ, ಬಂದು ಕೇಳುವ ಧೈರ್ಯ ಯಾರಿಗಿದೆ?

ನಿಜವಾದ ಗಂಡಾಂತರ ಬಂದದ್ದು ಕಾಗದದ ರೂಪದಲ್ಲಿ. ‘ಇಲ್ಲಿ ಯಾರೂ ಆಡುವುದಿಲ್ಲ, ಜಾಗ ಪಾಳು ಬಿದ್ದಿದೆ, ಮಳಿಗೆ ಕಟ್ಟಬಹುದು’ ಎಂದು ಯಾರೋ ಅರ್ಜಿ ಹಾಕಿದ್ದರು. ಅಧಿಕಾರಿಯೊಬ್ಬರು ಶನಿವಾರ ಬಂದು ನೋಡಿ ವರದಿ ಬರೆಯುವವರಿದ್ದರು. ಉಳಿದಿದ್ದದ್ದು ಎರಡೇ ದಿನ. ಅತ್ತೆಯ ಮೊಬೈಲಿನಲ್ಲಿ ಒಂದು ಹೆಸರೂ ಇಲ್ಲ, ನಂಬರುಗಳೆಲ್ಲ ತಲೆಯಲ್ಲಿ! ಆ ಮೈದಾನದಲ್ಲಿ ಎಂದಾದರೂ ಮಂಡಿ ತರಚಿಕೊಂಡವರಿಗೆಲ್ಲ ಜಗಲಿಯಲ್ಲಿ ಕೂತು ಫೋನ್ ಮಾಡಿದರು. “ಲೇ, ಮೈದಾನ ಓಯ್ತದೆ ಕಣ್ಲಾ. ಶನಿವಾರ ಬಂದ್ಬುಡು. ಬ್ಯಾಟು ನಾನು ಕೊಡ್ತೀನಿ.”

ಬಂದರಲ್ಲ! ಹೊಟ್ಟೆ ಬಂದ ಬೌಲರ್ ಕೊಣನೂರಿನಿಂದ ಬೆಳಗಿನ ಬಸ್ಸು ಹಿಡಿದು ಬಂದ. ಅರಕಲಗೂಡಿನ ಮೇಷ್ಟ್ರು ಕೀಪರ್ ಆದರು. ಹಳೆಯ ಖೊಖೊ ಹುಡುಗಿಯರು ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದರು. ಅಧಿಕಾರಿ ಜೀಪಿನಿಂದಿಳಿದು ಬೆರಗಾದರು. “ಏನಮ್ಮಾ ಇದು, ಇಷ್ಟೊಂದು ಜನ?”

“ದಿನಾ ಇಂಗೇಯಾ ಸಾ” ಎಂದರು ಅತ್ತೆ, ರೆಪ್ಪೆ ಅಲುಗಿಸದೆ!

ಅಧಿಕಾರಿಗೆ ಆಸೆ ತಡೆಯಲಿಲ್ಲ. ಒಂದೇ ಒಂದು ಬಾಲ್ ಎಂದು ಬ್ಯಾಟು ಹಿಡಿದರು, ಮೊದಲನೆಯದಕ್ಕೇ ವಿಕೆಟ್ ಕಳೆದುಕೊಂಡರು. “ನಾನಿನ್ನೂ ರೆಡಿ ಇರ್ಲಿಲ್ಲ ಕಣ್ರೀ!” ಎಂದು ಹತ್ತು ನಿಮಿಷ ವಾದ ಮಾಡಿದರು. ಇಲ್ಲಿ ಯಾರೂ ಆಡುವುದಿಲ್ಲ ಎಂದು ಆ ಮನುಷ್ಯ ಇನ್ನು ಹೇಗೆ ಬರೆದಾರು?

ಮೈದಾನ ಉಳಿಯಿತು. ಬೋರ್ಡು ಹಾಕಿಸಿ ಅದರ ಮೇಲೆ ಅತ್ತೆಯ ಹೆಸರು ಬರೆಸೋಣ ಎಂದರು ಬಡಾವಣೆಯವರು. ಅತ್ತೆ ಒಪ್ಪಲಿಲ್ಲ. “ಎಸ್ರು ಇಟ್ರೆ ಅದು ಯಾರ್ದೋ ಆಗೋಯ್ತದೆ. ಸುಮ್ಕಿರಿ.”

ಎರಡು ವರ್ಷದಿಂದ ಅತ್ತೆಗೆ ಕಣ್ಣು ಕಾಣುವುದಿಲ್ಲ. ಮೈಸೂರಿನ ಡಾಕ್ಟರೂ ಕೈಚೆಲ್ಲಿದರು. ದಿನಾ ಸಂಜೆ ಜಗಲಿಯಲ್ಲಿ ಕೂತು ಕಿವಿಯಿಂದಲೇ ಆಟ ನೋಡುತ್ತಾರೆ. ಕಳೆದ ಮಾರ್ಚಿನಲ್ಲಿ ಒಂದು ಸಂಜೆ ನಾನು ಹೋದಾಗ ಕುರ್ಚಿಯ ತುದಿಯಲ್ಲಿ ಕೂತಿದ್ದರು.

“ಯಾಕೆ ಒಂದು ಸದ್ದೂ ಇಲ್ಲ?”

“ಮಕ್ಕಳಿಗೆ ಪರೀಕ್ಷೆ ಅತ್ತೆ.”

“ನನ್ ಸಮಾಧಾನಕ್ಕೆ ಸುಳ್ಳು ಏಳ್ಬ್ಯಾಡ. ಬೇಲಿ ಆಕ್ಬುಟ್ರಾ?”

ಇಲ್ಲವೆಂದೆ, ಆಣೆ ಮಾಡಿದೆ. ನಂಬಲಿಲ್ಲ. ಯಾರಿಗೂ ಹೆದರದ ಅತ್ತೆ ಮೈದಾನದ ಕಡೆಗೆ ಕಿವಿ ಕೊಟ್ಟು ಮತ್ತೆ ಮತ್ತೆ ಅದನ್ನೇ ಕೇಳಿದರು.

ಶಾಲೆಯಲ್ಲಿ ಓಟದ ಪಂದ್ಯವೆಂದರೆ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದವಳು ನಾನು. ಈಗ ವಯಸ್ಸು ನಲವತ್ತೆಂಟು. ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ ಮೈದಾನಕ್ಕೆ ಇಳಿದೆ. ಒಂದು ಮೂಲೆಗೆ ಓಡಿ, “ಅತ್ತೇ, ಇಲ್ಲಿದೀನಿ! ಬೇಲಿ ಇಲ್ಲ!” ಎಂದು ಕೂಗಿದೆ. ಇನ್ನೊಂದು ಮೂಲೆಗೆ ಓಡಿದೆ. “ಈಗ ಇಲ್ಲಿ! ಇಲ್ಲೂ ಇಲ್ಲ!” ಎದುರು ಮನೆಯವರು ಕಿಟಕಿ ತೆಗೆದು ನೋಡಿದರು. ನಾಲ್ಕನೇ ಮೂಲೆ ಮುಟ್ಟುವಾಗ ಉಸಿರು ನಿಂತೇಹೋಗಿತ್ತು.

ಅತ್ತೆ ಕಂಬ ಹಿಡಿದು ಎದ್ದು ನಿಂತಿದ್ದರು. ಮುಖ ನನ್ನ ದನಿಯ ಕಡೆಗಿತ್ತು. ಕೆನ್ನೆ ಒದ್ದೆಯಾಗಿತ್ತು.

“ಸಾಕು ಬಾರೇ, ಬಿದ್ಗಿದ್ದೀಯೆ!” ಎಂದು ಕೂಗಿದರು. ನಾನು ಜಗಲಿಯ ಹತ್ತಿರ ಬಂದ ಮೇಲೆ ಮೆಲ್ಲಗೆ ಕೇಳಿದರು: “ಇನ್ನೊಂದು ಸುತ್ತು ಓಡ್ತೀಯೇನೇ?”

ಓಡಿದೆ.