ಕೆಂಚಿಯ ಹೊಟ್ಟೆಪಟ್ಟಿಯನ್ನು ಮೂರನೆಯ ತೂತಿಗೆ ಬಿಗಿಯುವ ಬಗ್ಗೆ

ಇಂದ:
ದಿವಂಗತ ಸವಾರಿ ಟೀಚರಮ್ಮನವರ ಗಂಡ,
ನಿವೃತ್ತ ಗುಮಾಸ್ತ.

ಗೆ:
ಶ್ರೀಮತಿ ಕೆಂಚಿಯವರು, ಕೆಂಪು ಹೆಣ್ಣುಕುದುರೆ,
ಸವಾರಿ ಶಾಲೆಯ ಲಾಯ, ಕಿಟಕಿ ಪಕ್ಕದ ಅಂಕಣ.

ವಿಷಯ: ತಮ್ಮ ಇಂಗ್ಲಿಷ್ ಜೀನಿಗೆ ಆರಿಸಿ ತಂದಿರುವ ಹೊಟ್ಟೆಪಟ್ಟಿಯನ್ನು ಬಿಗಿಯಲು ಅನುಮತಿ ಕೋರಿ.

ಉಲ್ಲೇಖ: ೧) ತಾವು ಶಾಲೆಯ ಯಜಮಾನರ ಕೋಟಿನ ತೋಳನ್ನು ಹರಿದದ್ದು.
೨) ಆ ಸಂಬಂಧ ಯಜಮಾನರು ಆಡಿದ ಮಾತು.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ಅರ್ಜಿದಾರನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಟೀಚರಮ್ಮನವರು ತೀರಿಕೊಂಡ ಸುದ್ದಿ ಅರ್ಜಿದಾರನಿಗೆ ತಿಳಿದದ್ದು ಒಂದು ಸೋಮವಾರ ಬೆಳಿಗ್ಗೆ. ಜ್ವರ ಇಳಿದಿದೆ, ಇಂದು ಮನೆಗೆ ಬರುತ್ತಾಳೆ ಎಂಬ ನಂಬಿಕೆಯಿಂದ ಆತನು ಬೇಗ ಎದ್ದು, ದೇವರಿಗೆ ಕೈಮುಗಿದು, ಆಕೆಯ ಸವಾರಿ ಷರಾಯಿಗೆ ಇಸ್ತ್ರಿ ಹಾಕುತ್ತಿದ್ದನು. ಆಸ್ಪತ್ರೆಯಿಂದ ಫೋನು ಬಂತು. ಫೋನು ಕೆಳಗಿಟ್ಟ ಮೇಲೂ ಆತನು ಷರಾಯಿಯ ಇನ್ನೊಂದು ಕಾಲಿನ ಇಸ್ತ್ರಿಯನ್ನು ಪೂರೈಸಿದನು.

೨. ಸದರಿ ಸುದ್ದಿಯನ್ನು ತಮಗೆ ಮಾತ್ರ ಯಾರೂ ತಿಳಿಸಲಿಲ್ಲ. ಇದು ದೊಡ್ಡ ಲೋಪ. ತಾವು ಕಿಟಕಿಯಿಂದ ಕತ್ತು ಹೊರಗೆ ಹಾಕಿ ಗೇಟಿನ ಕಡೆ ನೋಡುತ್ತಿರುವಾಗಲೇ ಲಾಯದ ಹೊಸ ಆಳು ಬಂದನು. ಟೀಚರಮ್ಮನವರು ಬಳಸುತ್ತಿದ್ದ ಪಟ್ಟಿ ಹೊಲಿಗೆ ಬಿಟ್ಟುಹೋಗಿದ್ದ ಕಾರಣ, ಎಲ್ಲ ಕುದುರೆಗೂ ಹಾಕುವ ಒರಟು ಚರ್ಮದ ನೇರ ಪಟ್ಟಿಯನ್ನು ತಮಗೂ ಹಾಕಿ, ಒಂದೇ ಏಟಿಗೆ ಎಳೆದು ಬಿಗಿದನು. ತಾವು ತಿರುಗಿ ಬಾಯಿ ಹಾಕಿದಿರಿ. ಆತನು ಚುರುಕಾಗಿ ಪಕ್ಕಕ್ಕೆ ಸರಿದನು. ಹಿಂದೆ ಯಜಮಾನರು ನಿಂತಿದ್ದರು. ಆದ್ದರಿಂದ ಕೋಟು.

೩. ಯಜಮಾನರು ಹರಿದ ತೋಳಿನ ಸಮೇತ ಅರ್ಜಿದಾರನ ಮನೆಗೇ ಬಂದರು.

"ಗುಮಾಸ್ತರೇ, ನಿಮ್ಮನೆಯವರ ಮುಖ ನೋಡಿ ಇಷ್ಟು ದಿನ ಸುಮ್ಮನಿದ್ದೆ. ಈ ತಿಂಗಳ ಕೊನೇ ಶನಿವಾರ ಮಕ್ಕಳ ಕ್ಲಾಸಿದೆ. ಅಷ್ಟರೊಳಗೆ ಜೀನು ಹಾಕಿಸಿಕೊಂಡ್ರೆ ಸರಿ. ಇಲ್ಲಾಂದ್ರೆ ಗಾಡಿಯವನಿಗೆ ಕೊಟ್ಟುಬಿಡ್ತೀನಿ."

"ಕೋಟು ನಾನು ಹೊಲಿಸಿಕೊಡ್ತೀನಿ ಸ್ವಾಮಿ."

"ನಾಳೆ ಕೈಯೇ ಹೋದ್ರೆ? ಅದನ್ನೂ ಹೊಲಿಸಿಕೊಡ್ತೀರಾ?"

ಹೆಂಡತಿ ಹೋದಳು, ಆಕೆ ಮಗುವಿನಂತೆ ನೋಡಿಕೊಂಡ ಜೀವವೂ ಗಾಡಿಗೆ ಹೋಗುವುದೆಂದರೆ ಅರ್ಜಿದಾರನಿಂದ ತಡೆದುಕೊಳ್ಳಲು ಆಗದು. ಕಾರಣ, ಕುದುರೆಯ ಬಾಲ ಯಾವ ಕಡೆ ಇರುತ್ತದೆ ಎಂಬುದಕ್ಕಿಂತ ಹೆಚ್ಚೇನೂ ತಿಳಿಯದ ಆತನು ತಮ್ಮ ಪಟ್ಟಿಯ ಜವಾಬ್ದಾರಿಯನ್ನು ಹೊತ್ತುಕೊಂಡನು.

೪. ಮೊದಲನೆಯ ಪಟ್ಟಿ. ಅರ್ಜಿದಾರನು ದರ್ಜಿಯ ಟೇಪು ತಂದು, ಮನುಷ್ಯನ ಸೊಂಟಕ್ಕೆ ಬೆಲ್ಟು ಅಳೆಯುವಂತೆ ತಮ್ಮ ಬೆನ್ನು ಹೊಟ್ಟೆ ಎಲ್ಲ ಸುತ್ತಿ ಅಳತೆ ತೆಗೆದು, ಅಷ್ಟೇ ಉದ್ದದ ಪಟ್ಟಿಯನ್ನು ಒಪ್ಪವಾಗಿ ಮಾಡಿಸಿಕೊಂಡು ತಂದನು. ತಾಯಿಯ ಕ್ಲಾಸುಗಳನ್ನು ಈಗ ನಡೆಸುತ್ತಿರುವ ಮಗಳು ಅದನ್ನು ಬಿಡಿಸಿ ಹಿಡಿದಳು. ಬಿಡಿಸಿದಷ್ಟೂ ಬರುತ್ತಲೇ ಇತ್ತು.

"ಅಪ್ಪಾ, ಇದು ಕೆಂಚಿಗೋ, ಲಾಯಕ್ಕೇ ಒಂದು ಸುತ್ತು ಹಾಕೋಕೋ?"

"ಅಳತೆ ತೆಗೆದೇ ತಂದಿದ್ದು ಕಣೇ."

"ಬೆನ್ನ ಮೇಲೆ ಜೀನಿರತ್ತಲ್ಲಪ್ಪ! ಪಟ್ಟಿಗೆ ಅಲ್ಲೇನು ಕೆಲಸ? ಜೀನು ಹಾಕು, ಅದರಿಂದ ಇಳಿಬಿದ್ದಿರೋ ಈ ಕಡೆ ಬಾರಿನ ನಡುವಿನ ತೂತಿಂದ ಹೊಟ್ಟೆ ಕೆಳಗೆ ಹಾದು ಆ ಕಡೆ ಬಾರಿನ ನಡುವಿನ ತೂತಿಗೆ ಅಳೆ. ಅಷ್ಟೇ."

ಹೇಳುತ್ತಾ ಹೇಳುತ್ತಾ ಆಕೆ ಹುಲ್ಲಿನ ಹೊರೆಯ ಮೇಲೆ ಕುಳಿತು ಬಿದ್ದು ಬಿದ್ದು ನಕ್ಕಳು. ತಾಯಿ ಹೋದ ಮೇಲೆ ನಕ್ಕದ್ದು ಅದೇ ಮೊದಲು. ಆದ್ದರಿಂದ ಆ ಪಟ್ಟಿ ಸಂಪೂರ್ಣ ವ್ಯರ್ಥವಾಯಿತೆಂದು ಅರ್ಜಿದಾರನು ಒಪ್ಪುವುದಿಲ್ಲ.

೫. ಎರಡನೆಯದು ಉಣ್ಣೆ ಹೊದಿಸಿದ್ದು. "ಹೂವಿನ ಹಾಗಿದೆ, ತಗೊಳ್ಳಿ ಅಜ್ಜ" ಎಂದಳು ಅಂಗಡಿಯಾಕೆ. ಹೂವಿನ ಹಾಗೆಯೇ ಇತ್ತು. ಆದರೆ ಲಾಯದ ಒಣಹುಲ್ಲೆಲ್ಲ ಅದಕ್ಕೆ ಕಚ್ಚಿಕೊಂಡು ತಮಗೆ ಚುಚ್ಚಿತು. ಮೂರನೆಯದಕ್ಕೆ ಒಂದೇ ತುದಿಯಲ್ಲಿ ಎಲಾಸ್ಟಿಕ್. ಹಿಗ್ಗುವ ಕಡೆಗೇ ಎಳೆತವೆಲ್ಲ ಹೋಗಿ ಜೀನು ವಾಲಿತು. ಎರಡನ್ನೂ ತಾವು ಕಾಲು ಬಡಿದು ತಿರಸ್ಕರಿಸಿದಿರಿ. ಕಚ್ಚಲಿಲ್ಲ. ಈ ಸೌಜನ್ಯವನ್ನು ಗಮನಿಸಲಾಗಿದೆ.

೬. ಈಗಿನದು ನಾಲ್ಕನೆಯದು. ತಮ್ಮ ಹೊಟ್ಟೆ ಗುಂಡಗಿದ್ದು, ಪಟ್ಟಿ ಕೂರುವ ತಗ್ಗು ಮುಂಗಾಲಿಗೆ ತೀರ ಹತ್ತಿರವಿರುವುದರಿಂದ ನೇರ ಪಟ್ಟಿಯು ಆ ಕಾಲಿನ ಮೊಣಕೈ ಹಿಂದೆ ಉಜ್ಜಿ ಹುಣ್ಣು ಮಾಡುತ್ತಿತ್ತು ಎಂದು ಮಗಳು ಮುಟ್ಟಿ ತೋರಿಸಿದಳು. ಕಾರಣ, ಹೊಸ ಪಟ್ಟಿಯು ಮೊಣಕೈಗಳ ಹಿಂದೆ ಒಳಕ್ಕೆ ಬಾಗಿದೆ. ಎದೆಯ ಕೆಳಗೆ ಅಗಲವಾಗಿರುವುದರಿಂದ ಒತ್ತಡ ಒಂದೇ ಕಡೆ ಬೀಳದು. ಎಲಾಸ್ಟಿಕ್ ಎರಡೂ ತುದಿಗಿದೆ. ಚರ್ಮ ಮೆತುವಾಗಿದೆ. ಹುಣ್ಣು ಮಾಯುವ ತನಕ ಕಾದು, ಅರ್ಜಿದಾರನು ಅದನ್ನು ತನ್ನ ಕೆನ್ನೆಗೆ ಉಜ್ಜಿ ನೋಡಿದ ಮೇಲೆಯೇ ತಮ್ಮ ಬಳಿ ತಂದನು.

೭. ಇಷ್ಟಾದರೂ ತಾವು ಉಸಿರು ಎಳೆದು ಹೊಟ್ಟೆ ಉಬ್ಬಿಸಿ ನಿಂತಿರಿ. ಬಕಲ್ಲು ಮೊದಲ ತೂತಿಗೂ ಮುಟ್ಟಲಿಲ್ಲ. ಆಗ ಮಗಳು ತಡೆದು ತಡೆದು ಹೇಳಿದಳು:

"ಅಪ್ಪಾ, ಬೇಜಾರು ಮಾಡ್ಕೋಬೇಡ. ಅಮ್ಮ ಒಂದೇ ಸಲಕ್ಕೆ ಬಿಗೀತಿರಲಿಲ್ಲ. ಒಂದು ತೂತು ಬಿಗಿಯೋದು, ನಾಲ್ಕು ಹೆಜ್ಜೆ ನಡೆಸೋದು, ಮತ್ತೊಂದು ತೂತು. ಪ್ರತಿ ತೂತಿಗೂ ಇವಳ ಕಿವೀಲಿ ಒಂದು ದೂರು ಹೇಳೋಳು. ಕೇಳ್ತಾ ಕೇಳ್ತಾ ಇವಳು ಉಸಿರು ಬಿಡೋಳು."

"ಯಾರ ಮೇಲೆ ದೂರು?"

"ಇನ್ಯಾರ ಮೇಲೆ? ಊರಲ್ಲೆಲ್ಲ ಕೊಡೆ ಮರೆತು ಬರ್ತಾರೆ ಅಂತ. ಸಾರಿಗೆ ಉಪ್ಪು ಜಾಸ್ತಿಯಾದ್ರೆ ಬಾಯಿ ಬಿಡಲ್ಲ, ಚೊಂಬುಗಟ್ಟಲೆ ನೀರು ಕುಡೀತಾರೆ ಅಂತ. ಪ್ರೀತಿಯಿಂದ ಒಂದು ಮಾತು ಆಡು ಅಂದ್ರೆ ಮೇಲ್ಕಂಡ, ಕೆಳಕಂಡ ಅಂತ ಶುರು ಮಾಡ್ತಾರೆ ಅಂತ."

ತನ್ನ ಸಂಸಾರದ ಗುಟ್ಟೆಲ್ಲ ತಮ್ಮ ಹೊಟ್ಟೆಯೊಳಗಿದೆ ಎಂಬುದು ಅರ್ಜಿದಾರನಿಗೆ ಹೊಸ ವಿಷಯ. ಆದರೂ ತಾವು ಇಂದಿನವರೆಗೆ ಯಾರಲ್ಲೂ ಬಾಯಿಬಿಟ್ಟಿಲ್ಲವಾದ್ದರಿಂದ ಆತನು ಆಭಾರಿ.

೮. ಆದಕಾರಣ ಇಂದು, ಶುಕ್ರವಾರ, ಅರ್ಜಿದಾರನೇ ತಮ್ಮ ಕಿವಿಯ ಬಳಿ ನಿಂತನು. ಆಕೆ ಒದ್ದೆ ಕಾಲುಚೀಲಗಳನ್ನು ಆತ ಪ್ರಾರ್ಥನೆಗೆ ಕೂರುವ ಕುರ್ಚಿಯ ಮೇಲೇ ಒಣಗಹಾಕುತ್ತಿದ್ದಳೆಂದು ದೂರು ಹೇಳಿದನು. ತಾವು ಉಸಿರು ಬಿಟ್ಟಿರಿ; ಒಂದು ತೂತು. ಆತ ಪತ್ರಿಕೆ ಓದುವ ಮೊದಲೇ ಆಕೆ ಸುದ್ದಿಯನ್ನೆಲ್ಲ ಹೇಳಿಬಿಡುತ್ತಿದ್ದಳೆಂದು ಹೇಳಿದನು; ಎರಡು ತೂತು. ಮೂರನೆಯದಕ್ಕೆ ಬಾಯಿ ತೆರೆದವನು ಬಕಲ್ಲನ್ನೇ ಒರೆಸತೊಡಗಿದನು. ತಾವು ಉಸಿರು ಹಿಡಿದು ಕಾಯ್ದಿರಿ. ಮಗಳು ಮುಖ ಆ ಕಡೆ ಮಾಡಿಕೊಂಡಳು. ಕೊನೆಗೆ ಪಟ್ಟಿಯನ್ನು ಬಿಚ್ಚಬೇಕಾಯಿತು. ಎರಡೇ ತೂತಿಗೆ ಬಿಟ್ಟರೆ ಜೀನು ಜಾರಿ ಮಕ್ಕಳು ಬೀಳುತ್ತಾರೆ.

೯. ಬಾಯಲ್ಲಿ ಬಾರದ್ದು ಅರ್ಜಿದಾರನಿಗೆ ಬರವಣಿಗೆಯಲ್ಲಿ ಬರುತ್ತದೆ. ಆದ್ದರಿಂದ ಮೂರನೆಯ ದೂರನ್ನು ಇಲ್ಲಿ ದಾಖಲಿಸಲಾಗಿದೆ: ಆಕೆ ಹೋಗುತ್ತೇನೆಂದು ಒಂದು ಮಾತು ಹೇಳದೆ ಹೋದಳು. ಇಷ್ಟೇ.

ಆದ್ದರಿಂದ ಮಾನ್ಯರು, ನಾಳೆ ಬೆಳಿಗ್ಗೆ ಯಜಮಾನರ ಎದುರಿನಲ್ಲಿ ಈ ಅರ್ಜಿಯನ್ನು ತಮ್ಮ ಕಿವಿಯ ಬಳಿ ಓದುವಾಗ, ಒಂಬತ್ತನೆಯ ಅಂಶಕ್ಕೆ ಬಂದೊಡನೆ ಉಸಿರು ಬಿಟ್ಟು, ಪಟ್ಟಿಯನ್ನು ಮೂರನೆಯ ತೂತಿಗೆ ಬಿಗಿಯಲು ಅನುಮತಿ ನೀಡಬೇಕಾಗಿ ಪ್ರಾರ್ಥನೆ. ಓದುವ ದನಿ ನಡುಗಿದರೆ ಅದನ್ನು ಅರ್ಜಿಯ ದೋಷವೆಂದು ಪರಿಗಣಿಸಬಾರದು.

ತಮ್ಮ ವಿಶ್ವಾಸಿ,
ಟೀಚರಮ್ಮನವರ ಗಂಡ

ಲಗತ್ತುಗಳು:
೧. ಬಾಗಿದ ಹೊಟ್ಟೆಪಟ್ಟಿ, ಒಂದು.
೨. ಕ್ಯಾರೆಟ್, ಎರಡು. (ಇದನ್ನು ಲಂಚವೆಂದು ತಿಳಿಯಬಾರದು.)

ಪ್ರತಿ: ಭಗವಂತನ ಸನ್ನಿಧಿಗೆ, ಮಾಹಿತಿಗಾಗಿ ಮತ್ತು ಅಗತ್ಯ ಕ್ರಮಕ್ಕಾಗಿ. ಮೇಲೆ ಹೇಳಿದ ಟೀಚರಮ್ಮ ಈಗ ನಿನ್ನ ಬಳಿ ಇದ್ದಾಳೆ. ದೂರುಗಳನ್ನೆಲ್ಲ ಇಲ್ಲೇ ಹೇಳಿ ಮುಗಿಸಿ ಬಂದಿರುವುದರಿಂದ ಆಕೆ ನಿನಗೆ ತೊಂದರೆ ಕೊಡಲಾರಳು. ಬಹಳ ದುಡಿದ ಜೀವ, ತಂದೆಯೇ. ಆಕೆಗೆ ಶಾಂತಿಯನ್ನು ದಯಪಾಲಿಸು.