ಸಾವಕಾರ ಊಟ ಬಿಟ್ಟ

ಮನೆಯಲ್ಲಿ ಯಾರಾದರೂ ಹೆಚ್ಚು ಉಂಡರೆ ಬೈಯಬಹುದು, ಡಬ್ಬಿ ಬಚ್ಚಿಡಬಹುದು. ಉಣ್ಣದೆ ಕೂತವರ ಮುಂದೆ ಮಾತ್ರ ನಮ್ಮ ಆಟ ನಡೆಯುವುದಿಲ್ಲ. ಅದರಲ್ಲೂ ಕೂತವನು ಗಡ್ಡದ ತುಂಬ ಮುಳ್ಳಿರುವ, ಆಸ್ಟ್ರೇಲಿಯಾ ಮೂಲದ ಓತಿಕ್ಯಾತನಾಗಿದ್ದರೆ ಕೇಳುವುದೇ ಬೇಡ. ಅವನ ಜಾತಿಗೆ ಬಿಯರ್ಡೆಡ್ ಡ್ರ್ಯಾಗನ್ ಎಂದು ಹೆಸರು. ನಮ್ಮವರು, ಅಂದರೆ ನನ್ನ ಗಂಡ, ಅವನನ್ನು ಸಾವಕಾರ ಅನ್ನುತ್ತಾರೆ. ಪುಣೆಯ ಗೆಳೆಯನೊಬ್ಬ ಊರು ಬಿಡುವಾಗ ಗಾಜಿನ ಪೆಟ್ಟಿಗೆ, ಬಲ್ಬು, ಕಾಗದಪತ್ರ ಸಮೇತ ಅವನನ್ನು ಇವರ ಕೈಗಿತ್ತಿದ್ದ. ನನ್ನ ಜೊತೆ ಅಳೆದು ಸುರಿದು ಮಾತಾಡುವ ಮನುಷ್ಯ, ಆಫೀಸಿನಿಂದ ಬಂದವರೇ ಆ ಪೆಟ್ಟಿಗೆಯ ಮುಂದೆ ಕೂತು ತಾಸುಗಟ್ಟಲೆ ಹರಟುತ್ತಿದ್ದರು. ಸವತಿ ಬಂದಿದ್ದರೂ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಅವಳ ಜೊತೆ ಜಗಳವನ್ನಾದರೂ ಆಡಬಹುದಿತ್ತು.

ಚಳಿ ಶುರುವಾಗುವ ಹೊತ್ತಿಗೆ ಅವರು ತರಬೇತಿಗೆಂದು ಧಾರವಾಡಕ್ಕೆ ಹೊರಟರು. ಬಾಗಿಲಲ್ಲಿ ನಿಂತು, "ಸಾವಕಾರನ್ನ ಸಂಭಾಳಸು" ಅಂದರು. ನನ್ನನ್ನು ಯಾರು ಸಂಭಾಳಿಸಬೇಕೆಂದು ಹೇಳಲಿಲ್ಲ. ಅವರು ಹೋದದ್ದೇ ತಡ, ಸಾವಕಾರ ಊಟ ಬಿಟ್ಟ. ನುಗ್ಗೆಸೊಪ್ಪು ಬಾಡಿತು, ಕುಂಬಳಕಾಯಿ ಒಣಗಿತು, ತಿನ್ನಲೆಂದು ಬಿಟ್ಟ ಮಿಡತೆಗಳು ಅವನ ಬೆನ್ನ ಮೇಲೆಯೇ ಓಡಾಡಿದವು. ಧಾರವಾಡದಿಂದ ದಿನವೂ ಫೋನು: "ಸಾವಕಾರ ಉಂಡನೇನ?" "ಉಂಡಾನ್ರಿ" ಎಂದು ಸುಳ್ಳು ಹೇಳಿ ಮತ್ತೆ ಪೆಟ್ಟಿಗೆಯತ್ತ ಓಡುತ್ತಿದ್ದೆ. ಇವರು ಬರುವಷ್ಟರಲ್ಲಿ ಅವನು ಸತ್ತುಹೋದರೆ ಆ ಬರಿ ಪೆಟ್ಟಿಗೆಯ ಮುಂದೆ ಇವರು ಕೂರುವುದನ್ನು ಹೇಗೆ ನೋಡಲಿ?

ಬನಹಟ್ಟಿಯ ಸಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಒಂದು ದಿನ ಮನುಷ್ಯನ ಜೀರ್ಣಾಂಗದ ಚಿತ್ರ ಬಿಡಿಸುತ್ತ ಕೊನೆಗೊಂದು ಬಾಲ ಎಳೆದುಬಿಟ್ಟೆ. ಮಕ್ಕಳು ಅದನ್ನೂ ಬರೆದುಕೊಂಡರು. ಬಿಡುವಿನಲ್ಲಿ, ಮನೆಯಲ್ಲಿದ್ದ ಅತ್ತೆಗೆ ಫೋನು ಮಾಡಿದೆ.

"ಅತ್ಯಾರ, ಏನರ ತಿಂದನೇನ್ರಿ?"

"ಎಲ್ಲೀದವಾ! ಕಲ್ಲಿನಂಗ ಕುಂತಾನ. ದೃಷ್ಟಿ ತಗದೆ. ಮೆಣಸಿನಕಾಯಿ ಘಾಟಿಗೆ ನಾನ ಕೆಮ್ಮಾಕತ್ತೇನಿ, ಅಂವ ಕಣ್ಣ ಸೈತ ಮಿಟಕಿಸವಲ್ಲ."

ಶನಿವಾರ ಸಾಲೆ ಬಿಟ್ಟದ್ದೇ ಅವನನ್ನು ಶಾಲಿನಲ್ಲಿ ಸುತ್ತಿ, ರೊಟ್ಟಿ ಬುಟ್ಟಿಯಲ್ಲಿಟ್ಟುಕೊಂಡು ಜಮಖಂಡಿಯ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಅಜ್ಜಿ, "ರೊಟ್ಟಿ ಬಿಸೀ ಅದಾವೇನವಾ?" ಎಂದು ಬುಟ್ಟಿಗೆ ಕೈಹಾಕಿದಳು. ಆಮೇಲೆ ಜಮಖಂಡಿಯವರೆಗೂ ನಿಂತೇ ಬಂದಳು.

ದನದ ಡಾಕ್ಟರು ಬುಟ್ಟಿಯೊಳಗೆ ಇಣುಕಿ, "ನಾ ಎಮ್ಮಿ ನೋಡಾಂವರೀ ಬಾಯಾರ" ಅಂದರು. ನನ್ನ ಮುಖ ನೋಡಿ ಕನಿಕರ ಬಂದಿರಬೇಕು, ಇಂಥ ಪ್ರಾಣಿ ನೋಡುವ ಗೆಳೆಯನಿಗೆ ಫೋನು ಹಚ್ಚಿ, ಅವನು ಹೇಳಿದಂತೆ ಬಾಯಿ, ಹೊಟ್ಟೆ ಎಲ್ಲ ಪರೀಕ್ಷಿಸಿದರು.

"ಬಾಯಾಗ ಹುಣ್ಣಿಲ್ಲ, ಹೊಟ್ಟಿನೂ ಮೆತ್ತಗೈತಿ. ಆದ್ರ ಮೈ ತಣ್ಣಗ ಐತ್ರೀ. ಇವಕ್ಕ ಬಿಸಿ ಇಲ್ಲಂದ್ರ ಹಸಿವೂ ಆಗಂಗಿಲ್ಲ, ತಿಂದದ್ದು ಅರಗೂದೂ ಇಲ್ಲ. ಬಲ್ಬ ಹಚ್ಚತೀರಿಲ್ಲೋ?"

"ದಿನಾ ಮುಂಜಾನೆ ಹಚ್ಚೇ ಸಾಲಿಗೆ ಹೋಗತೇನ್ರಿ. ಸಂಜಿಗೆ ಅತ್ಯಾರು ಆರಸತಾರ."

ಮನೆಗೆ ಬಂದು ಅತ್ತೆಯನ್ನು ಕೇಳಿದೆ.

"ನೀ ಹ್ವಾದಕೂಡ್ಲೆ ನಾ ಆರಸತೇನವಾ" ಎಂದರು ಅತ್ತೆ, ದೊಡ್ಡ ಉಪಕಾರ ಮಾಡಿದವರಂತೆ. "ಮಗಾ ಇದ್ದಾಗ ಮುಟ್ಟಗೊಡತಿದ್ದಿಲ್ಲ. ಪಾಪ, ಕಣ್ಣಾಗ ಅಷ್ಟ ಬೆಳಕ ಬಿಟ್ರ ಅದು ಮಲಗೂದ ಹೆಂಗ?"

ಬಲ್ಬು ಹಚ್ಚಿದೆವು. ಅತ್ತೆ ಅದರ ಕಾವಲಿಗೇ ಕೂತರು. ಮೊದಲು ಅವನ ಕಣ್ಣುಗಳು ಅರಳಿದವು. ಮರುದಿನ ನುಗ್ಗೆಸೊಪ್ಪಿಗೆ ಬಾಯಿ ಹಾಕಿದ. ಅದರ ಮರುದಿನ ಮಿಡತೆಯೊಂದನ್ನು ಗಬಕ್ಕನೆ ನುಂಗಿದ. ನಾನು ಕಿರುಚಿದ ಸದ್ದಿಗೆ ಪಕ್ಕದ ಮನೆಯವರು ಮಗ್ಗ ನಿಲ್ಲಿಸಿ, "ಏನಾತ್ರೀ ಬಾಯಾರ?" ಎಂದು ಓಡಿಬಂದರು. "ಉಂಡಾನ್ರೀ!" ಅಂದೆ. ಯಾರು, ಏನು ಎಂದು ಅವರು ಕೇಳಲಿಲ್ಲ.

ನಮ್ಮವರು ಬಂದವರೇ, "ಸಾವಕಾರ ಛಲೋ ಆಗ್ಯಾನಲ್ಲ!" ಎಂದು ಹಿಗ್ಗಿದರು. ನಾನು ಬುಟ್ಟಿ, ಬಸ್ಸು, ಡಾಕ್ಟರು ಎಲ್ಲ ಹೇಳಿ ಮುಗಿಸಿದೆ. ಒಂದು ಒಳ್ಳೆಯ ಮಾತಿಗಾಗಿ ಕಾದೆ. "ಚಾ ಮಾಡ" ಅಂದರು. ಮರುದಿನ ಮಧ್ಯಾಹ್ನ ತಾಟು ಸರಿಸಿ, ಅವರ ಕಣ್ಣಿಗೆ ಬೀಳುವಂತೆ ಕಲ್ಲಾಗಿ ಕೂತೆ.

"ಹಸಿವಿಲ್ಲೇನ?"

"ಇಲ್ರಿ."

ಅವರು ನಿಜಕ್ಕೂ ಗಾಬರಿಯಾದರು. ನನ್ನ ಕೈ ಮುಟ್ಟಿ ನೋಡಿ, ಕುರ್ಚಿಯನ್ನು ಅಂಗಳಕ್ಕೆ ಒಯ್ದಿಟ್ಟು, "ತಣ್ಣಗಾಗಿ ನೋಡ. ತುಸು ಬಿಸಲಾಗ ಕುಂದರು" ಅಂದರು. ಸಿಟ್ಟಿನಿಂದಲೇ ಹೋಗಿ ಕೂತೆ. ಹೇಳಲು ನಾಚಿಕೆ, ಬೆನ್ನು ಬೆಚ್ಚಗಾಗುತ್ತಿದ್ದಂತೆ ಹೊಟ್ಟೆ ಚುರುಗುಟ್ಟತೊಡಗಿತು.