ರಟ್ಟಿನ ಬೆಟ್ಟ, ಸೀಸದ ಸೈನ್ಯ

ಒಲೆ ಮುಂದೆ ಕೂತಿದ್ದಷ್ಟು ದಿನ ನನ್ನನ್ನು ನೋಡಿ ಯಾರೂ ನಗಲಿಲ್ಲ. ಕತ್ತರಿ ಹಿಡಿದು ಬೆಟ್ಟ ಮಾಡಲು ಕೂತ ಮೇಲೆ ಯಾರಾದರೂ ನಗದೆ ಇದ್ದ ದಿನವಿಲ್ಲ. ನಕ್ಕವರಿಗೆಲ್ಲ ನಾನು ಋಣಿ. ಬೈದವರಿಗೆ ಒಂದು ಹಿಡಿ ಜಾಸ್ತಿ.

ಚಾಮರಾಜನಗರದಲ್ಲಿ ಹತ್ತನೇ ಕ್ಲಾಸಿನವರೆಗೆ ಓದಿ ಗುಂಡ್ಲುಪೇಟೆಗೆ ಸೊಸೆಯಾಗಿ ಬಂದವಳು ನಾನು. ನಮ್ಮ ಬೀದಿಯ ಕೊನೆ ಮನೆಯಲ್ಲಿ ಮಿಲಿಟರಿಯಿಂದ ನಿವೃತ್ತರಾದ ಕ್ಯಾಪ್ಟನ್ ಇದ್ದಾರೆ. ಊಟದ ಮೇಜಿನ ಮೇಲೆ ಬೆರಳುದ್ದದ ಸೀಸದ ಸಿಪಾಯಿಗಳನ್ನು ನಿಲ್ಲಿಸಿ, ದಾಳ ಉರುಳಿಸಿ, ಅಡಿಪಟ್ಟಿಯಲ್ಲಿ ಅಳೆದು ಸರಿಸುತ್ತಾ, ಗೆಳೆಯರಾದ ಡಾಕ್ಟರ ಜೊತೆ ಯುದ್ಧದ ಆಟ ಆಡುತ್ತಾರೆ. ಆಡುತ್ತಾರೆ ಅಂದರೆ, ಸೋಲುತ್ತಾರೆ. ಬೆಟ್ಟ ಬೇಕಾದಾಗ ಕಂಬಳಿಯ ಕೆಳಗೆ ದಿಂಬು ತುರುಕುತ್ತಿದ್ದರು.

ಕಾಗದ ನೆನೆಸಿ, ಮೆಂತ್ಯದ ಜೊತೆ ರುಬ್ಬಿ ನಾನು ಮೆತ್ತಿದ್ದ ಮೊರವನ್ನು ಒಂದು ದಿನ ಕ್ಯಾಪ್ಟನ್ನರ ಹೆಂಡತಿ ನೋಡಿದರು. ಊರಿನ ಮಹಿಳಾ ಸಮಾಜಕ್ಕೆ ಅವರೇ ಅಧ್ಯಕ್ಷೆ. “ಇದೇ ಕೈಯಲ್ಲಿ ನಮ್ಮೆಜಮಾನರಿಗೊಂದು ಬೆಟ್ಟ ಮಾಡಿಕೊಡು. ಚೆನ್ನಾಗಿ ಬಂದರೆ ಸಮಾಜದಲ್ಲಿ ಕೈಕೆಲಸದ ಟೀಚರ್ ಕೆಲಸ ನಿನಗೇ” ಅಂದರು.

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನನ್ನ ಗಂಡ ಅವರ ಅಮ್ಮನ ಮುಖ ನೋಡಿದರು. ಅತ್ತೆ ಬೆಟ್ಟಕ್ಕೆ ಹದಿನೈದು ದಿನ ಬಿಡುವು ಕೊಟ್ಟರು. “ಮೊದ್ಲು ಬೆಟ್ಟ ಆಗ್ಲಿ. ಟೀಚರ್ ಕೆಲ್ಸಕ್ಕೆ ಕಳ್ಸದೋ ಬುಡದೋ ಆಮೇಲ್ ನೋಡನ.”

ನೀರೊಲೆ

ಕ್ಯಾಪ್ಟನ್ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಅಚ್ಚಿನ ನಕ್ಷೆ ಬಿಡಿಸಿ ಪಾಠ ಹೇಳಿದರು. “ಈ ಕಂದು ಗೆರೆ ಮೇಲೆ ನಡೆದರೆ ಹತ್ತೋದೂ ಇಲ್ಲ, ಇಳಿಯೋದೂ ಇಲ್ಲ. ಎಲ್ಲಾ ಒಂದೇ ಎತ್ತರ. ಗೆರೆಗೊಂದು ರಟ್ಟು ಕತ್ತರಿಸು, ಒಂದರ ಮೇಲೊಂದು ಅಂಟಿಸು.”

ಬಟ್ಟೆ ಅಂಗಡಿಯ ರಟ್ಟು ತಂದು, ಹುಣಸೆ ಬೀಜದ ಅಂಟು ಕಾಯಿಸಿ ಮೂರು ದಿನ ದುಡಿದೆ. ಗೆರೆಯ ಮೇಲೆ ಕತ್ತರಿಸಿ, ಫೋಟೋ ಕಟ್ಟಿನ ಹಾಗೆ ಅಂದವಾಗಿ ಕಂಡ ಹೊರಗಿನ ಭಾಗವನ್ನೇ ಇಟ್ಟುಕೊಂಡೆ. ಎಲ್ಲ ಅಂಟಿಸಿದೆ.

ಕ್ಯಾಪ್ಟನ್ ಬಂದು ಬಗ್ಗಿ ನೋಡಿದರು. “ಬೆಟ್ಟ ಕೇಳಿದರೆ ಕಲ್ಯಾಣಿ ಕಟ್ಟಿದೀಯಲ್ಲಮ್ಮ! ನಡುವಿನ ತುಂಡುಗಳೆಲ್ಲಿ?”

“ನೀರೊಲೆಗೆ ಹಾಕಿದೆ ಸಾರ್.”

ಬೇರೆಯವರಾಗಿದ್ದರೆ ನಕ್ಷೆ ಮಡಚಿ ಎದ್ದು ಹೋಗುತ್ತಿದ್ದರು. ಅವರು ಜಗುಲಿಯ ಮೇಲೆ ಚಕ್ಕಳಮಕ್ಕಳ ಕೂತು, ಮೊದಲ ರಟ್ಟನ್ನು ತಾವೇ ಕತ್ತರಿಸಿ ತೋರಿಸಿದರು. ಆ ಉಪಕಾರ ಮರೆಯಲಾರೆ. ಕತ್ತರಿಸುತ್ತಾ ಅಂದದ್ದನ್ನೂ ಮರೆಯಲಾರೆ: “ಬೆಟ್ಟ ಕಳಕೊಂಡ ಸೈನ್ಯ ಬೇಕಾದಷ್ಟು ನೋಡಿದೀನಿ. ಬೆಟ್ಟ ಉರಿಸಿ ಸ್ನಾನ ಮಾಡಿದವರನ್ನ ಇವತ್ತೇ ನೋಡಿದ್ದು.”

ನೀಲಿ ಕಾಗದ

ಎರಡನೇ ಸಲ ಬೆಟ್ಟ ಎದ್ದಿತು. ರಟ್ಟಿನ ಮೆಟ್ಟಿಲುಗಳ ಮೇಲೆ ಕಾಗದದ ಹಿಟ್ಟು ಮೆತ್ತಿದೆ. ಹಸಿರು ಬಣ್ಣ ಕಟ್ಟಿದ ಮರದ ಹೊಟ್ಟು ಉದುರಿಸಿದರೆ ಕಾಡಾಯಿತು. ನಕ್ಷೆಯಲ್ಲಿದ್ದ ದಾರಿ ಎಳೆದು, ಬುಡದ ಊರಿಗೆ ರಟ್ಟಿನ ಮನೆಗಳನ್ನಿಟ್ಟು, ಕೆರೆಗೆ ನೀಲಿ ಕಾಗದ ಅಂಟಿಸಿದೆ.

ಮಿಲಿಟರಿಯವರು ಮಾಡಿಸುತ್ತಿರುವ ನಕ್ಷೆ ಅಂದಮೇಲೆ ಸರ್ಕಾರದ್ದೇ, ಅಣೆಕಟ್ಟಿನದೇ ಅಂತ ಬೀದಿಯೆಲ್ಲ ಸುದ್ದಿ. ಪಕ್ಕದ ಮನೆಯ ಯಜಮಾನರು ಒಂದು ಕುಂಬಳಕಾಯಿ ಹೊತ್ತು ಬಂದರು.

“ಅವ್ವಾ, ಆ ನೀಲಿಯ ಒಸಿ ಅತ್ಲಾಗ್ ತಳ್ಳು. ನನ್ ಅರಿಶ್ನದೊಲ ಮುಳುಗ್ತದೆ ಕಣವ್ವ.”

“ಅತ್ಲಾಗೆ ಯಾರ ಹೊಲ ಅದೆ ತಾತಾ?”

“ನಮ್ ದಾಯಾದೀದು. ಮುಳುಗ್ಲಿ ಬುಡು.”

ಇದು ಆಟದ ಸಾಮಾನು, ಈ ಕೆರೆಯಲ್ಲಿ ಇರುವೆಯೂ ಮುಳುಗುವುದಿಲ್ಲ ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ಸರ್ಕಾರದ ಕೆಲಸ ಮಾಡುವವರೆಲ್ಲ ಹೀಗೇ ಹೇಳುವುದಂತೆ. ಕುಂಬಳಕಾಯಿ ವಾಪಸ್ಸು ತಗೊಳ್ಳಲೂ ಇಲ್ಲ. (ಹುಳಿ ಬಹಳ ರುಚಿಯಾಗಿತ್ತು, ಅವರ ಹೊಟ್ಟೆ ತಣ್ಣಗಿರಲಿ.) ಬಾಗಿಲವರೆಗೆ ಹೋದವರು ತಿರುಗಿ ನಿಂತರು.

“ತಳ್ಳಕ್ಕಾಗ್ದಿದ್ರೆ ಓಗ್ಲಿ. ನಮ್ಮೊಲದ ಕಡೀಕೊಂದು ತೂಬನ್ನಾರ ಮಡಗು.”

ನಿದ್ದೆ

ದಾರಿಯ ಅಗಲ ಸರಿಯಾಗಿದೆಯೇ ನೋಡಲು ಕ್ಯಾಪ್ಟನ್ ಹನ್ನೆರಡು ಸಿಪಾಯಿಗಳನ್ನು ಕೊಟ್ಟಿದ್ದರು. ನನ್ನ ಎರಡೂವರೆ ವರ್ಷದ ಮಗಳು ಹನ್ನೆರಡನ್ನೂ ಸಾಲಾಗಿ ಮಲಗಿಸಿ, ನನ್ನ ಹಳೇ ಸೀರೆಯ ತುಂಡು ಹೊದಿಸಿ ಕಾವಲು ಕೂತಳು. ಮುಟ್ಟಲು ಹೋದರೆ ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಾಳೆ.

ಅಷ್ಟರಲ್ಲಿ ಕ್ಯಾಪ್ಟನ್ ಬಂದರು, ಬೂಟಿನ ಸದ್ದು ಮಾಡುತ್ತಾ.

“ಸ್ಸ್! ಲಾಲಿ” ಅಂದಳು ಮಗಳು.

ಅವರು ಬೂಟು ಬಿಚ್ಚಿಟ್ಟು, ತುದಿಗಾಲಲ್ಲಿ ಬಂದು, ಬಾಯಿಗೆ ಕೈ ಅಡ್ಡ ಹಿಡಿದು ನನ್ನನ್ನು ಕೇಳಿದರು: “ಎಷ್ಟೊತ್ತಿಗೆ ಏಳ್ತಾರಂತೆ?”

“ಹಾಲು ಕುಡಿದ ಮೇಲಂತೆ ಸಾರ್.”

ಅರ್ಧ ಗಂಟೆ ಕಾದರು. ಆಮೇಲೆ ನಿಟ್ಟುಸಿರು ಬಿಟ್ಟು ಅಂದರು: “ನಾನು ಯಾಕೆ ಸೋಲ್ತೀನಿ ಅಂತ ಈಗ ಗೊತ್ತಾಯ್ತು. ನನ್ನ ಸಿಪಾಯಿಗಳಿಗೆ ನಿದ್ದೆ ಸಾಲದು.”

ಯುದ್ಧ

ಆಟದ ಭಾನುವಾರ ಬಂತು. ಚಾಮರಾಜನಗರದಿಂದ ಡಾಕ್ಟರು ಬಂದರು. ಸಮಾಜದ ಹೆಂಗಸರೂ ನೋಡಲು ಸೇರಿದರು. ಸೊಸೆ ಏನು ಮಾಡಿದ್ದಾಳೆ ನೋಡೇಬಿಡೋಣ ಅಂತ ಅತ್ತೆಯೂ ಹೊರಟರು. ಅವತ್ತು ಮಗಳ ಜಡೆಯನ್ನು ಮೂರು ಸಲ ಬಿಚ್ಚಿ ಹೆಣೆದೆ.

ಡಾಕ್ಟರು ಅಚ್ಚಿನ ನಕ್ಷೆ ಹಿಡಿದು ಬೆಟ್ಟದ ಸುತ್ತ ಎರಡು ಸುತ್ತು ಬಂದರು. ಆಟ ಶುರುವಾಯಿತು. ಕ್ಯಾಪ್ಟನ್ ಎಂದಿನಂತೆ ಸೋಲುತ್ತಾ, ಉಳಿದ ಸಿಪಾಯಿಗಳನ್ನು ಬೆಟ್ಟದ ಕೆಳಗಿನ ಊರೊಳಗೆ ಬಚ್ಚಿಟ್ಟರು. ಡಾಕ್ಟರು ಬೆಟ್ಟದ ಹೆಗಲ ಮೇಲೆ ಫಿರಂಗಿ ಇಟ್ಟು ದಾಳ ಎತ್ತಿದರು.

ಅತ್ತೆ ಮುಂದೆ ಬಗ್ಗಿದರು. ಬೆರಳಲ್ಲೇ ಬೆಟ್ಟ ಇಳಿದು, ತಿರುವು ದಾಟಿ, ಮನೆಗಳ ಹತ್ತಿರ ನಿಂತರು.

“ಇದು ಹಂಗಳ ಅಲ್ವಾ? ನನ್ ತವ್ರು! ನಮ್ಮಣ್ಣನ ಮನೆ ಇಲ್ಲೇ ಬತ್ತದೆ!”

ಅಂದವರೇ ಎರಡೂ ಅಂಗೈ ಊರಿನ ಮೇಲೆ ಅಡ್ಡ ಹಿಡಿದರು. “ತಗೀರಿ ಫಿರಂಗಿಯ!”

“ಅಮ್ಮಾ, ಅದು ರಟ್ಟು” ಅಂದರು ಡಾಕ್ಟರು.

“ರಟ್ಟಾದ್ರೇನು, ಊರು ನಮ್ದಲ್ವಾ? ಓದಿದೋರು ನೀವು, ಹೆಂಗಸ್ರು ಮಕ್ಳು ಇರೋ ಊರ್ಗೆ ಗುಂಡ್ ಹೊಡ್ದೀರಾ?”

ಡಾಕ್ಟರು ತಲೆ ತಗ್ಗಿಸಿ ಫಿರಂಗಿ ತೆಗೆದರು. ಕ್ಯಾಪ್ಟನ್ ಆ ಗಳಿಗೆಯಲ್ಲೇ ನುಗ್ಗಿ ಬೆಟ್ಟ ಹಿಡಿದರು. ಜೀವಮಾನದ ಮೊದಲ ಗೆಲುವು!

ಡಾಕ್ಟರು ನಕ್ಷೆ ಮಡಚಿದರು. “ಬೆಟ್ಟ ಸರಿಯಿಲ್ಲ, ಅದಕ್ಕೇ ಸೋತೆ ಅನ್ನೋಣ ಅಂದರೆ, ಈಯಮ್ಮ ಯಾರನ್ನೂ ಕೇಳದೆ ತವರಿನ ಗುರುತು ಹಿಡಿದುಬಿಟ್ಟರು. ಯಾರು ಮಾಡಿದ್ದು?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು: “ನನ್ ಸೊಸೆ.”

ಮದುವೆಯಾಗಿ ನಾಲ್ಕು ವರ್ಷದಲ್ಲಿ ಆ ಎರಡು ಮಾತನ್ನು ಅಷ್ಟು ಗಟ್ಟಿಯಾಗಿ ಅವರು ಹೇಳಿದ್ದು ಅದೇ ಮೊದಲು. ನನ್ನ ಕಣ್ಣು ತುಂಬಿತು.

“ಹಾಗಾದರೆ ಸೋಮವಾರದಿಂದ ಸಮಾಜಕ್ಕೆ ಕಳಿಸ್ತೀರಾ?” ಕ್ಯಾಪ್ಟನ್ನರ ಹೆಂಡತಿ ಕೇಳಿದರು. ಮೇಜಿನ ಸುತ್ತ ಇದ್ದವರೆಲ್ಲ ಅತ್ತೆಯ ಮುಖ ನೋಡಿದರು.

“ಕಳಿಸ್ತೀನಿ” ಅಂದರು ಅತ್ತೆ, ಸೆರಗು ಸರಿಮಾಡಿಕೊಳ್ಳುತ್ತಾ. “ಆದ್ರೆ ಇನ್ನೊಂದ್ ಸಲ ಹೊಡೆದಾಡೋದಿದ್ರೆ, ಇವಳ ತವರೂರ್ನ ಮಾಡ್ಸ್ಕಂಡು ಹೊಡೆದಾಡಿ.”